ಸದ್ದಿಲ್ಲದ ಕಾರು

ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದ ಬೂವನಹಳ್ಳಿಯ ಅಶೋಕ ಕಾರು ಕೊಳ್ಳಬೇಕೆಂದು ತೀರ್ಮಾನಿಸಿದ್ದು ದಂಡಿಗನಹಳ್ಳಿಯ ರಸ್ತೆಬದಿಯಲ್ಲಿ ನಿಂತಾಗ. ಹೆಂಡತಿ ಶಾಂತಿಯ ತಂಗಿಯ ಮಗಳ ಮದುವೆ ಮುಗಿಸಿಕೊಂಡು ಇಬ್ಬರೂ ಸಂಜೆಯ ಬಸ್ಸಿಗೆ ಕಾಯುತ್ತಿದ್ದರು. ಶಾಂತಿಯ ಕೈಯಲ್ಲಿ ತಾಂಬೂಲದ ತೆಂಗಿನಕಾಯಿಯ ಚೀಲ, ಅಶೋಕನ ಕೈಯಲ್ಲಿ ಬೀಗರು ಒತ್ತಾಯ ಮಾಡಿ ಕೊಟ್ಟ ಲಾಡಿನ ಡಬ್ಬಿ. ದೂರದಲ್ಲಿ ಬಸ್ಸು ಕಂಡದ್ದೇ ಅಶೋಕ ಮುಂದೆ ಬಂದು ಕೈ ಅಡ್ಡ ಹಿಡಿದ. ಬಾಗಿಲವರೆಗೂ ಜನ ನೇತಾಡುತ್ತಿದ್ದ ಬಸ್ಸು ಸ್ವಲ್ಪ ನಿಧಾನ ಮಾಡಿದಂತೆ ಮಾಡಿ ಹಾಗೇ ಹೊರಟುಹೋಯಿತು.

"ನಾನಾಗಿದ್ರೂ ನಿಲ್ಲುಸ್ತಿರ್ಲಿಲ್ಲ ಬುಡು. ಕಾಲಿಡಕ್ಕೂ ಜಾಗ ಇರ್ಲಿಲ್ಲ" ಎಂದ ಅಶೋಕ. ಹಾಗೆಂದರೂ ಅವನ ಮುಖ ಸಣ್ಣದಾಗಿತ್ತು. ಕೊನೆಗೆ ಶಾಮಿಯಾನದವರ ಗೂಡ್ಸ್ ಆಟೋದಲ್ಲಿ, ಒಂದರ ಮೇಲೊಂದು ಪೇರಿಸಿದ್ದ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕುಳಿತು ಹಾಸನ ಸೇರಿದರು.

ಮಾರನೆಯ ಬೆಳಗ್ಗೆ ಕಾಫಿಯ ಲೋಟ ಕೆಳಗಿಟ್ಟು ಅವನು ಹೇಳಿದ: "ಶಾಂತಿ, ಒಂದು ಕಾರು ತಗಳಣ. ಹಳೇದೇ ಸಾಕು. ಆದ್ರೆ ಡಿಕ್ಕಿ ಇರ್ಬೇಕು."

ಹಿಂದೆ ಡಿಕ್ಕಿ ಇಲ್ಲದ ಕಾರು ಅವನ ಕಣ್ಣಿಗೆ ಅರ್ಧಕ್ಕೇ ಕತ್ತರಿಸಿ ಬಿಟ್ಟಂತೆ ಕಾಣುತ್ತಿತ್ತು. ಉದ್ದನೆಯ ಸೆಡಾನೇ ಆಗಬೇಕು ಎನ್ನುವುದಕ್ಕೆ ಶಾಂತಿಯ ತಕರಾರೇನೂ ಇರಲಿಲ್ಲ. ತಕರಾರು ಹುಟ್ಟಿದ್ದು ಭಾನುವಾರ, ಮಗಳು ಶೋಭಿತಾ ಊಟಕ್ಕೆ ಬಂದಾಗ. ಹಾಸನದಲ್ಲಿ ಗಂಡನೊಂದಿಗೆ ಮನೆ ಮಾಡಿಕೊಂಡು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಶೋಭಿತಾ, ಮುದ್ದೆ ಮುರಿಯುತ್ತಾ ಸಹಜವಾಗಿ ಕೇಳಿದಳು.

"ಪೆಟ್ರೋಲಾ, ಡೀಸೆಲ್ಲಾ?"

"ಡೀಸೆಲ್" ಎಂದ ಅಶೋಕ.

"ಪೆಟ್ರೋಲ್" ಎಂದಳು ಶಾಂತಿ, ಅದೇ ಉಸಿರಿಗೆ.

ಶೋಭಿತಾ ಇಬ್ಬರ ಮುಖವನ್ನೂ ನೋಡಿ ನಕ್ಕಳು. "ಅಪ್ಪ, ನೀನು ದಿನಾ ಎಲ್ಲಿಗೆ ಓಡಿಸ್ತೀಯ? ದಿನಾ ದೂರ ಹೋಗೋರಿಗೆ ಡೀಸೆಲ್ ಸರಿ. ವಾರಕ್ಕೊಂದ್ಸಲ ಹಾಸನದ ಸಂತೆಗೆ, ತಿಂಗಳಿಗೊಂದ್ಸಲ ಅತ್ತೆ ಮನೆಗೆ ಹೋಗೋಕೆ ಅದ್ಯಾಕೆ? ರಿಪೇರಿಗೆ ಬಂದ್ರೆ ಡೀಸೆಲ್ ಇಂಜಿನ್ನಿಗೆ ಖರ್ಚೂ ಜಾಸ್ತಿ. ನಿಂತೇ ಇರೋ ಗಾಡಿ ಪೆಟ್ರೋಲೇ ಆಗಿರ್ಲಿ."

"ನಿಲ್ಸಕ್ಕೆ ಯಾರವ್ವ ಕಾರು ತಗತಾರೆ?" ಎಂದ ಅಶೋಕ. "ಡೀಸೆಲ್ ಇಂಜಿನ್ನು ಅಂದ್ರೆ ಇಂಜಿನ್ನು. ತಾಕತ್ತು ಐತೆ. ಪೆಟ್ರೋಲ್ ಗಾಡಿ ಹೊಲಿಗೆ ಮಿಷನ್ ಇದ್ದಂಗೆ."

"ನಂಗೆ ಡೀಸೆಲ್ ವಾಸ್ನೆ ಆಗಲ್ಲ ಅಂತ ನಿಮ್ಗೆ ಗೊತ್ತಿಲ್ವೇನ್ರೀ?" ಎಂದಳು ಶಾಂತಿ. ಬೂವನಹಳ್ಳಿಯ ಅಂಗನವಾಡಿಯಲ್ಲಿ ಎಷ್ಟೋ ವರ್ಷಗಳಿಂದ ಮಕ್ಕಳನ್ನು ಸಂಭಾಳಿಸಿ ಅವಳ ದನಿ ಸಹಜವಾಗಿಯೇ ಎತ್ತರಕ್ಕೆ ಹೋಗಿತ್ತು. ಮಾಮೂಲಿಯಾಗಿ ಮಾತಾಡಿದರೂ ಪಕ್ಕದ ಮನೆಯವರು ತಮ್ಮನ್ನೇ ಕರೆದರೇನೋ ಎಂದು ಇಣುಕುತ್ತಿದ್ದರು.

ಅಶೋಕನಿಗೆ ಅದು ಗೊತ್ತಿರದೆ ಏನು. ಮದುವೆಯಾದ ಹೊಸದರಲ್ಲಿ ಹೊಳೆನರಸೀಪುರಕ್ಕೆ ಹೋಗುತ್ತಿದ್ದ ತನ್ನದೇ ಬಸ್ಸಿನಲ್ಲಿ ಅವಳನ್ನು ಮುಂದಿನ ಸೀಟಿಗೆ ಕೂರಿಸಿಕೊಂಡು ಜಂಬದಿಂದ ಕರೆದೊಯ್ದಿದ್ದ. ಊರು ಮುಟ್ಟುವ ಮೊದಲೇ ಅವಳಿಗೆ ವಾಂತಿಯಾಗಿತ್ತು. ನಾಚಿಕೆಯಿಂದ ಮುಖ ಮುಚ್ಚಿಕೊಂಡು ನಿಂತಿದ್ದ ಹೊಸ ಹೆಂಡತಿಗೆ ಒಂದು ಮಾತೂ ಆಡದೆ, ಸ್ಟ್ಯಾಂಡಿನ ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ತಂದು ಎಲ್ಲವನ್ನೂ ತಾನೇ ತೊಳೆದಿದ್ದ. ಇವನು ಒಳ್ಳೆಯವನು ಎಂದು ಶಾಂತಿಗೆ ಖಾತ್ರಿಯಾಗಿದ್ದು ಆವತ್ತೇ.

ಇಷ್ಟೆಲ್ಲ ಗೊತ್ತಿದ್ದೂ ಅವನು ಡೀಸೆಲ್ಲಿಗೇ ಪಟ್ಟು ಹಿಡಿದದ್ದು ಅವಳಿಗೆ ವಿಚಿತ್ರವೆನಿಸಿತು. ಸೀರೆಯ ಬಣ್ಣದಿಂದ ಹಿಡಿದು ಮನೆಯ ಗೋಡೆಯ ಬಣ್ಣದವರೆಗೆ ಯಾವುದಕ್ಕೂ "ನಿಂಗೆ ಎಂಗೆ ಬೇಕೋ ಅಂಗೆ ಮಾಡು" ಅನ್ನುತ್ತಿದ್ದ ಗಂಡಸು ಇದೊಂದಕ್ಕೆ ಯಾಕೆ ಹಟ ಮಾಡುತ್ತಿದ್ದಾನೆ?

ಮೊದಲು ನೋಡಿದ್ದು ಚನ್ನರಾಯಪಟ್ಟಣದ ಡೀಸೆಲ್ ಕಾರು. ತೆಂಗಿನಕಾಯಿ ವ್ಯಾಪಾರದ ಚನ್ನಪ್ಪ ಎನ್ನುವವರದ್ದು. ಬಿಳಿಯ ಸೆಡಾನ್, ಬಾಗಿಲ ಬಳಿ ಒಂದೆರಡು ಗೀರು ಬಿಟ್ಟರೆ ಲಕ್ಷಣವಾಗಿತ್ತು. ಅಶೋಕ ಬಾನೆಟ್ ಎತ್ತಿ ನೋಡಿದ, ಟೈರು ಸವರಿದ, ಸ್ಟಾರ್ಟ್ ಮಾಡಿಸಿ ಹಿಂದೆ ಹೋಗಿ ಹೊಗೆಯ ಬಣ್ಣ ನೋಡಿದ. ಆಮೇಲೆ ಸೀಟಿನಲ್ಲಿ ಕೂತು ಗೇರಿನ ಮೇಲೆ ಕೈಯಿಟ್ಟ.

ಬೆಂಗಳೂರು ರಸ್ತೆಗೆ ಬಿದ್ದ ಮೇಲೆ ಅವನ ಓಡಿಸುವಿಕೆ ನೋಡಿ ಪಕ್ಕದಲ್ಲಿ ಕೂತಿದ್ದ ಚನ್ನಪ್ಪನವರೇ ಬೆರಗಾದರು. ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗಿದ್ದು ಗೊತ್ತಾಗುತ್ತಲೇ ಇರಲಿಲ್ಲ. "ನಾನು ಓಡಿಸ್ದಾಗ ಈ ಗಾಡಿ ಇಷ್ಟು ಮರ್ಯಾದೆಯಾಗಿ ಓಡಿಲ್ಲ ಕಣಣ್ಣ" ಎಂದರು. ಅಶೋಕನ ಮುಖದಲ್ಲಿ, ನಿವೃತ್ತಿಯಾದ ಮೇಲೆ ಕಾಣದಿದ್ದ ಒಂದು ಕಳೆ ಬಂದಿತ್ತು. ಹಿಂದಿನ ಸೀಟಿನಲ್ಲಿ ಕಿಟಕಿ ಇಳಿಸಿಕೊಂಡು ಕೂತಿದ್ದ ಶಾಂತಿಗೆ ಹೊಟ್ಟೆ ತೊಳಸಿದಂತಾಗುತ್ತಿತ್ತು. ವಾಸನೆ ನಿಜವಾಗಿ ಬರುತ್ತಿತ್ತೋ, ಹಳೆಯ ಹೆದರಿಕೆಯೋ ಅವಳಿಗೇ ಗೊತ್ತಿಲ್ಲ. ಸೆರಗನ್ನು ಮೂಗಿಗೆ ಒತ್ತಿಕೊಂಡಳು.

ಇಳಿದ ಮೇಲೆ ಹೇಳಿದಳು: "ಚೆನ್ನಾಗೈತೆ. ಆದ್ರೆ ಶೋಭಿ ಹೇಳಿದ ಅರಕಲಗೂಡಿನ ಗಾಡೀನೂ ಒಂದ್ಸಲ ನೋಡ್ಬುಡಣ. ನೋಡಾಕೇನು?"

ಅರಕಲಗೂಡಿನಲ್ಲಿದ್ದದ್ದು ಪೆಟ್ರೋಲ್ ಕಾರು. ಕಾಲೇಜಿನಲ್ಲಿ ಪಾಠ ಹೇಳುವ ರಜನೀಶ್ ಎನ್ನುವ ಹುಡುಗ ಅದನ್ನು ಮಾರಿ ದೊಡ್ಡ ಗಾಡಿ ತೆಗೆದುಕೊಳ್ಳುವವನಿದ್ದ. ಬೆಳ್ಳಿಯ ಬಣ್ಣದ ಸೆಡಾನ್, ಒಬ್ಬರ ಕೈಯಲ್ಲೇ ಇದ್ದದ್ದು, ಒಳಗೆ ಕುಳಿತರೆ ಇನ್ನೂ ಹೊಸತರಂತೆ ಇತ್ತು. ಶಾಂತಿ ಮುಂದಿನ ಸೀಟಿನಲ್ಲಿ, ಗಂಡನ ಎಡಗಡೆ ಕೂತಳು. ರಜನೀಶ್ ಹಿಂದೆ ಕೂತ.

ಅಶೋಕ ಕೀ ತಿರುಗಿಸಿದ. ಇಂಜಿನ್ ಹತ್ತಿಕೊಂಡಿತು. ಶಾಂತಿಗೆ ಅದರ ಮೆಲ್ಲನೆಯ ಗುನುಗು ಕೇಳಿಸಿತು, ಎಷ್ಟು ಹಿತವಾಗಿದೆ ಅಂದುಕೊಂಡಳು. ಆದರೆ ಅಶೋಕ ತಲೆ ವಾಲಿಸಿ ಆಲಿಸಿ, ಮತ್ತೆ ಕೀ ತಿರುಗಿಸಿದ. ಓಡುತ್ತಿದ್ದ ಇಂಜಿನ್ನಿನೊಳಗೆ ಹಲ್ಲಿಗೆ ಹಲ್ಲು ಕಚ್ಚಿ ಕರ್ ಎಂದು ಕಿರುಚಿದ ಸದ್ದಿಗೆ ಶಾಂತಿ ಬೆಚ್ಚಿದಳು.

"ಸಾರ್, ಸಾರ್, ಆನ್ ಆಗಿದೆ!" ಎಂದು ರಜನೀಶ್ ಹಿಂದಿನಿಂದ ಕೂಗಿದ.

"ಓ, ಆಗೈತಾ" ಎಂದ ಅಶೋಕ. ಅವನ ಕಿವಿಯ ಬುಡ ಕೆಂಪಾಗಿತ್ತು.

ಗಾಡಿ ಹೊರಟಿತು. ಊರು ದಾಟಿ ಖಾಲಿ ರಸ್ತೆ ಸಿಕ್ಕಿತು. ಎರಡನೇ ಗೇರಿನಲ್ಲೇ ಇಂಜಿನ್ ಗೋಳಾಡತೊಡಗಿತು. ಬಸ್ಸಿನಲ್ಲಿ ಹೂ ಪೋಣಿಸಿದಂತೆ ಗೇರು ಬದಲಾಯಿಸುತ್ತಿದ್ದ ಮನುಷ್ಯ, ಮುಂದೆ ರಸ್ತೆಯನ್ನೇ ನೋಡುತ್ತಾ ಹಾಗೇ ಒತ್ತುತ್ತಿದ್ದ. "ಗೇರ್ ಹಾಕಿ ಸಾರ್, ಮೀಟರಿನ ಮುಳ್ಳು ಕೆಂಪಿನ ಹತ್ರ ಹೋಗ್ತಿದೆ" ಎಂದು ರಜನೀಶ್ ಮೆಲ್ಲಗೆ ಹೇಳಿದ. ಅಶೋಕನಿಗೆ ಅದೂ ಕೇಳಿಸಲಿಲ್ಲ. ಶಾಂತಿ ತನ್ನ ಮಾಮೂಲಿ ದನಿಯಲ್ಲಿ "ಗೇರಂತೆ ಕಣ್ರೀ" ಎಂದಾಗ ತಟ್ಟನೆ ಬದಲಾಯಿಸಿದ.

ಅವಳು ಗಂಡನ ಮುಖ ನೋಡಿದಳು. ಹಣೆಯಲ್ಲಿ ಬೆವರಿನ ಹನಿ ಇತ್ತು. ಇಷ್ಟು ವರ್ಷ ಆ ಬಸ್ಸಿನ ಇಂಜಿನ್ ಇದ್ದದ್ದು ಇದೇ ಎಡಗಡೆ, ಅವನ ಮೊಣಕಾಲಿನ ಪಕ್ಕ. ಬೆಳಗ್ಗೆಯಿಂದ ಸಂಜೆಯವರೆಗೆ ಅದು ಇದೇ ಕಿವಿಯೊಳಗೆ ಗುಡುಗಿತ್ತು. ಮನೆಯಲ್ಲಿ ತನ್ನ ದೊಡ್ಡ ಗಂಟಲಿನಿಂದಾಗಿಯೇ ಯಾರಿಗೂ ಏನೂ ಗೊತ್ತಾಗದೆ ಹೋಯಿತಲ್ಲ ಎಂದು ಅವಳಿಗೆ ಹೊಳೆಯಿತು.

"ಯೋಚ್ನೆ ಮಾಡಿ ಹೇಳ್ತೀವಪ್ಪ" ಎಂದು ರಜನೀಶನಿಗೆ ಹೇಳಿ ಅರಕಲಗೂಡಿನ ಸ್ಟ್ಯಾಂಡಿನಿಂದ ಹಾಸನದ ಬಸ್ಸು ಹತ್ತಿದರು. ಬಲಗಡೆಯ ಸೀಟು, ಕಿಟಕಿಗೆ ಅಶೋಕ, ಅವನ ಎಡಕ್ಕೆ ಶಾಂತಿ. ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಅವಳು, ಮಲಗಿದ ಮಗುವಿನ ಪಕ್ಕ ಮಾತಾಡುವಂತೆ, ದನಿ ತಗ್ಗಿಸಿ ಕರೆದಳು. "ರೀ." ಅಶೋಕ ಹೊರಗೆ ಆಲೂಗಡ್ಡೆಯ ಹೊಲಗಳನ್ನು ನೋಡುತ್ತಿದ್ದ. "ಏನ್ರೀ" ಎಂದಳು. ಅವನು ತಿರುಗಲಿಲ್ಲ.

ಆಗ ಅವಳಿಗೆ ಏನನ್ನಿಸಿತೋ, ಅದೇ ತಗ್ಗಿದ ದನಿಯಲ್ಲಿ, ಎಂದೂ ಹೇಳದಿದ್ದ ಮಾತೊಂದನ್ನು ಅವನ ಎಡಗಿವಿಗೆ ಹೇಳಿದಳು. "ನಿಮ್ಮನ್ನ ಕಟ್ಕಂಡು ನಾನು ಚೆನ್ನಾಗಿದ್ದೀನಿ ಕಣ್ರೀ. ಒಂದು ದಿನಾನೂ ಬೇಜಾರಾಗಿಲ್ಲ."

ಅವಳ ಉಸಿರು ತಾಕಿತೇನೋ, ಅಶೋಕ ತಿರುಗಿದ. "ಏನಾರ ಅಂದ್ಯಾ?"

"ಕಿಟಕಿ ಹಾಕಿ ಅಂದೆ. ಗಾಳಿ!" ಎಂದಳು ಶಾಂತಿ ಗಟ್ಟಿಯಾಗಿ. ಅವನು ಕಿಟಕಿಯ ಗಾಜು ಎಳೆದ.

ರಾತ್ರಿ ಫೋನಿನಲ್ಲಿ ಶೋಭಿತಾ ಕೇಳಿದಳು, ಯಾವುದು ಆಯಿತು ಎಂದು. "ಡೀಸೆಲ್ಲೇ ಆಗ್ಲಿ" ಎಂದಳು ಶಾಂತಿ. "ಚನ್ನಪ್ಪೋರ ಗಾಡೀನೇ ಚೆನ್ನಾಗಿತ್ತು. ದೊಡ್ಡ ಗಾಡಿ, ಗಟ್ಟಿ ಗಾಡಿ."

"ಅಮ್ಮ, ನೀನಾ ಹೇಳ್ತಿರೋದು? ವಾಸ್ನೆ ಆಗಲ್ಲ ಅಂತಿದ್ದೆ?"

"ಅಭ್ಯಾಸ ಆಯ್ತದೆ ಬಿಡವ್ವ. ಒಂದು ನಿಂಬೆಹಣ್ಣು ಇಟ್ಕಂಡ್ರೆ ಆಯ್ತು."

ಗೋಡೆಗೆ ಒರಗಿ ಕೂತು ಟಿವಿ ನೋಡುತ್ತಿದ್ದ ಅಶೋಕ ಇದನ್ನು ಕೇಳಿಸಿಕೊಂಡ. ಶಾಂತಿಯ ಮಾತು ಅವನಿಗೆ ಕೇಳಿಸದೆ ಇರುವುದುಂಟೇ. ರಿಮೋಟು ಒತ್ತಿ ಟಿವಿ ಆರಿಸಿದ. ಬುದ್ಧನ ಪಟದ ಕೆಳಗಿನ ಚಿಕ್ಕ ದೀಪದ ಬತ್ತಿ ಸರಿ ಮಾಡುತ್ತಿದ್ದವಳನ್ನು ಕರೆದು ಪಕ್ಕದಲ್ಲಿ ಕೂರಲು ಹೇಳಿದ. ಬಲಗಡೆ.

"ನಿಂಗೆ ಗೊತ್ತಾಯ್ತು ಅಲ್ವಾ?"

ಶಾಂತಿ ಹೌದೆಂದು ತಲೆಯಾಡಿಸಿದಳು.

"ರಿಟೈರ್ ಆಗೋ ವರ್ಷ ಶುರುವಾಗಿದ್ದು. ಈ ಎಡಗಿವಿ ಅತ್ತಿ ತುರುಕ್ದಂಗೆ ಆಗೋಯ್ತು. ಬಲಗಡೇದು ಪರವಾಗಿಲ್ಲ." ಅವನು ಅಂಗೈ ನೋಡಿಕೊಂಡ. "ಡೀಸೆಲ್ ಗಾಡಿ ಆದ್ರೆ ಸದ್ದು ಕಾಲಲ್ಲೇ ಗೊತ್ತಾಯ್ತದೆ ಕಣೇ. ಗೇರಿನ ಕಡ್ಡೀಲಿ ಗೊತ್ತಾಯ್ತದೆ. ಯಾವಾಗ ಬಿಡ್ಬೇಕು, ಯಾವಾಗ ಹಾಕ್ಬೇಕು ಅಂತ ಗಾಡೀನೇ ಹೇಳ್ತದೆ. ಆ ಅರಕಲಗೂಡಿನ ಗಾಡೀಲಿ ನಂಗೆ ಏನೂ ಹೇಳ್ಲಿಲ್ಲ. ಬಾವಿಯೊಳಗೆ ಕೂತು ಓಡಿಸ್ದಂಗಿತ್ತು."

"ನಂಗೆ ಯಾಕ್ರೀ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಊರ್ನೋರು ಕಿವುಡಪ್ಪ ಅಂತಾರೆ. ಡಿಪೋದೋರು ನಗ್ತಾರೆ. ನೀನು ಕಾರು ಓಡಿಸ್ಬ್ಯಾಡಿ ಅಂತೀಯ." ಅಂಗೈ ಮಡಿಸಿ ಹೇಳಿದ: "ಗಾಡಿ ಓಡಿಸೋದೊಂದೇ ನಂಗೆ ಬರೋದು ಶಾಂತಿ."

ಶಾಂತಿ ಅವನ ಹತ್ತಿರಕ್ಕೆ ಸರಿದಳು. ಅಂಗನವಾಡಿಯಲ್ಲಿ ಬಿದ್ದು ಮಂಡಿ ತರಚಿಕೊಂಡ ಮಗು ಅಳದೆ ನಿಂತಾಗ ಅವಳು ಹೀಗೇ ಪಕ್ಕಕ್ಕೆ ಸರಿಯುತ್ತಿದ್ದಳು. "ಅದಕ್ಕೇ ಅಲ್ವಾ ಡೀಸೆಲ್ ತಗಳಣ ಅಂದಿದ್ದು" ಎಂದಳು.

"ನನ್ ಕಿವಿಗೋಸ್ಕರ ನೀನು ಜೀವಮಾನ ಪೂರ್ತಿ ಮೂಗು ಮುಚ್ಕಂಡು ಕೂರ್ಬೇಕಾ? ಬ್ಯಾಡ. ಚನ್ನಪ್ಪನ ಗಾಡೀಲಿ ಕನ್ನಡೀಲಿ ನೋಡ್ತಾನೇ ಇದ್ದೆ ನಿನ್ನ ಮುಖಾನ. ಬಿಳಚ್ಕೊಂಡಿತ್ತು. ಪೆಟ್ರೋಲೇ ತಗಳಣ. ಮುಳ್ಳು ನೋಡ್ಕಂಡು ಓಡಿಸ್ತೀನಿ."

"ಮುಳ್ಳು ನೋಡ್ತೀರೋ, ರಸ್ತೆ ನೋಡ್ತೀರೋ?"

ಅಶೋಕ ಕೈಯಲ್ಲಿದ್ದ ರಿಮೋಟನ್ನು ತಿರುಗಿಸತೊಡಗಿದ.

"ನೋಡಿ" ಎಂದಳು ಶಾಂತಿ. "ಪೆಟ್ರೋಲೋ ಡೀಸೆಲ್ಲೋ ಆಮೇಲಿನ ಮಾತು. ಹಾರ್ನ್ ಹೊಡೆದ್ರೆ ಕೇಳದೆ ಇರೋರು ಯಾವ ಗಾಡೀನೂ ಓಡಿಸ್ಬಾರ್ದು. ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮೊದ್ಲು ಕಿವಿ ತೋರಿಸ್ಕಳಿ."

ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ತಾನೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು "ಶೋಭಿಗೆ ಫೋನ್ ಮಾಡು, ಬತ್ತೀವಿ ಅಂತ" ಎಂದ.

ಶೋಭಿತಾ ಅಪ್ಪನನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಗಾಜಿನ ಚಿಕ್ಕ ಕೋಣೆಯೊಳಗೆ ಕಿವಿಗೆ ಹೆಡ್‌ಫೋನ್ ಹಾಕಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಹೊರಗಿನಿಂದ ನೋಡುತ್ತಿದ್ದ ತಾಯಿ ಮಗಳಿಗೆ, ಅವನು ಪರೀಕ್ಷೆ ಬರೆಯುವ ಹುಡುಗನಂತೆ ಕಣ್ಣು ಮುಚ್ಚಿ ಏಕಾಗ್ರನಾಗಿ ಕೂತದ್ದು ಕಂಡಿತು. ಎಷ್ಟೋ ಹೊತ್ತು ಬೆರಳು ಅಲ್ಲಾಡುತ್ತಲೇ ಇರಲಿಲ್ಲ. ಶೋಭಿತಾ ಅಮ್ಮನ ಕೈ ಹಿಡಿದುಕೊಂಡಳು.

ಎಡಗಿವಿಗೆ ಮಿಷನ್ ಬೇಕೇ ಬೇಕು, ಬಲಕ್ಕೂ ಚಿಕ್ಕದೊಂದು ಹಾಕಿದರೆ ಒಳ್ಳೆಯದು, ಹಾಕಿಕೊಂಡು ಅಭ್ಯಾಸವಾದ ಮೇಲೆ ಗಾಡಿ ಓಡಿಸಲು ಅಡ್ಡಿಯಿಲ್ಲ ಎಂದರು ಡಾಕ್ಟರು. ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದಾಗಿದ್ದ ಅದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡ ದಿನ ಅಶೋಕ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತುಬಿಟ್ಟ. ಆಟೋಗಳು, ಯಾರದೋ ಚಪ್ಪಲಿಯ ಸರಪರ, ಎಳನೀರು ಕೊಚ್ಚುವ ಸದ್ದು, ಎಲ್ಲ ಒಟ್ಟಿಗೇ ಬಂದು ಮೈಮೇಲೆ ಬಿದ್ದಿದ್ದವು.

"ಕೇಳುಸ್ತಾ ಐತಾ?" ಎಂದಳು ಶಾಂತಿ ತನ್ನ ಎಂದಿನ ದನಿಯಲ್ಲಿ.

ಅಶೋಕ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. "ಅಯ್ಯೋ, ಯಾಕೇ ಇಂಗೆ ಕಿರುಚ್ತೀಯ?"

ಶೋಭಿತಾ ನಕ್ಕೂ ನಕ್ಕೂ ಗೋಡೆಗೆ ಒರಗಿದಳು. ಶಾಂತಿಗೆ ಸಿಟ್ಟು ಬಂತು, ಆಮೇಲೆ ಅವಳಿಗೂ ನಗು ಬಂತು. ಅವತ್ತಿನಿಂದ ಮನೆಯಲ್ಲಿ ದನಿ ತಗ್ಗಿಸುವುದನ್ನು ಅವಳು ಕಲಿಯಬೇಕಾಯಿತು. ಕಿವಿಯ ಮಿಷನ್ನು ಅವನಿಗೆ ಅಭ್ಯಾಸವಾಗುವುದಕ್ಕಿಂತ ಇದು ಕಷ್ಟದ್ದಾಗಿತ್ತು.

ಊರಿನಲ್ಲಿ ಅಶೋಕ ಹೆದರಿದಂತೆ ಏನೂ ಆಗಲಿಲ್ಲ. ಅರಳೀಕಟ್ಟೆಯಲ್ಲಿ ಒಬ್ಬಿಬ್ಬರು ಅದೇನು ಎಂದು ಬಗ್ಗಿ ನೋಡಿದರು. ಅವನ ಜೊತೆಯವನಾದ ಗಿಡ್ಡಯ್ಯ ಪಕ್ಕಕ್ಕೆ ಕರೆದು, ತನಗೂ ಸರಿಯಾಗಿ ಕೇಳುತ್ತಿಲ್ಲ, ಆ ಡಾಕ್ಟರು ಎಲ್ಲಿ ಸಿಗುತ್ತಾರೆ ಎಂದು ಪಿಸುಗುಟ್ಟಿದ. ಪಿಸುಗುಟ್ಟಿದ್ದು ಪೂರ್ತಿ ಕೇಳಿಸಿತು ಎಂದು ಅಶೋಕ ಮನೆಗೆ ಬಂದು ಹೆಮ್ಮೆಯಿಂದ ಹೇಳಿದ.

ಕೆಲವು ವಾರಗಳಾದ ಮೇಲೆ ಮತ್ತೆ ಅರಕಲಗೂಡಿಗೆ ಹೋದರು. ಬೆಳ್ಳಿಯ ಬಣ್ಣದ ಕಾರು ಇನ್ನೂ ಮಾರಾಟವಾಗಿರಲಿಲ್ಲ. ಹೋದ ಸಲ ಆದದ್ದನ್ನು ನೆನೆದು ರಜನೀಶ್ ಕೀ ಕೊಡಲು ಸ್ವಲ್ಪ ಹಿಂದೆಮುಂದೆ ನೋಡಿದ. ಅಶೋಕ ಅದನ್ನು ಅರ್ಥಮಾಡಿಕೊಂಡು ಕಿವಿಯ ಹಿಂದೆ ಬೆರಳಿಟ್ಟು ತೋರಿಸಿದ. "ಈಗ ಇದೈತೆ ಕಣಪ್ಪ. ಅವತ್ತು ನಿನ್ ಗಾಡೀಗೆ ಹಿಂಸೆ ಕೊಟ್ಟೆ, ಬೇಜಾರಾಗ್ಬ್ಯಾಡ."

ಕೀ ಒಮ್ಮೆಯೇ ತಿರುಗಿತು. ಅಶೋಕ ಸುಮ್ಮನೆ ಕೂತು ಕೇಳಿಸಿಕೊಂಡ. ಅವನ ತುಟಿಯ ಕೊನೆಯಲ್ಲಿ ನಗು ಬಂತು. ರಸ್ತೆಯ ತಿರುವಿನಲ್ಲಿ ಇಂಡಿಕೇಟರ್ ಹಾಕಿದವನು ಸರ್ರನೆ ಗಾಡಿ ಬದಿಗೆ ನಿಲ್ಲಿಸಿದ.

"ಏನೋ ಟಿಕ್ ಟಿಕ್ ಅಂತೈತಲ್ಲಪ್ಪ. ಏನೋ ಬುಟ್ಟೋಗೈತೆ."

"ಇಂಡಿಕೇಟರ್ ಸಾರ್" ಎಂದ ರಜನೀಶ್. "ಎಲ್ಲಾ ಗಾಡೀಲೂ ಹಾಗೇ ಬರೋದು."

ಅಶೋಕ ಇಂಡಿಕೇಟರ್ ಆರಿಸಿದ, ಮತ್ತೆ ಹಾಕಿದ, ಮತ್ತೆ ಆರಿಸಿದ. ಆಮೇಲೆ ಹೊರಟ. ಇಂಜಿನ್ನಿನ ದನಿ ಏರುತ್ತಿದ್ದಂತೆ ಅವನ ಕೈ ತಾನಾಗಿ ಗೇರಿಗೆ ಹೋಯಿತು. ಊರಾಚೆಯ ಏರಿನಲ್ಲಿ ಗಾಡಿ ಸ್ವಲ್ಪವೂ ಕುಲುಕದೆ ಹತ್ತಿತು. "ತಾಕತ್ತು ಕಮ್ಮಿ ಏನಿಲ್ಲ ಬುಡು" ಎಂದು ಶಾಂತಿಯ ಕಡೆ ನೋಡದೆ ಒಪ್ಪಿಕೊಂಡ. ಅವಳು ಕಿಟಕಿ ಮುಚ್ಚಿಕೊಂಡೇ ಕೂತಿದ್ದಳು. ಹೊಟ್ಟೆ ತೊಳಸಲಿಲ್ಲ.

ಮಾತುಕತೆ ಮುಗಿದು, ಕಾಗದಪತ್ರವೆಲ್ಲ ಆಗಿ ಕಾರು ತರುವ ದಿನ ರಜನೀಶನ ತಾಯಿ ಕಮಲಾಕ್ಷಮ್ಮ ತಟ್ಟೆಯಲ್ಲಿ ನಾಲ್ಕು ನಿಂಬೆಹಣ್ಣು ತಂದು ಚಕ್ರಕ್ಕೆ ಇಡಲು ಬಗ್ಗಿದರು. "ಬ್ಯಾಡಿ ಅಮ್ಮ, ನಮ್ಮ ಮನೇಲಿ ಅದಿಲ್ಲ. ಕೊಡಿ ಇಲ್ಲಿ, ಪಾನಕ ಮಾಡ್ತೀನಿ" ಎಂದು ಶಾಂತಿ ಹಣ್ಣುಗಳನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಕಮಲಾಕ್ಷಮ್ಮ ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ ನಕ್ಕು, ಜೊತೆಗೆ ಒಂದು ಸೇರು ಅವರೆಕಾಯಿಯನ್ನೂ ಕೊಟ್ಟರು.

ಹಾಸನಕ್ಕೆ ನೇರ ರಸ್ತೆಯಿದ್ದರೂ ಅಶೋಕ ಹೊಳೆನರಸೀಪುರದ ಮೇಲೆ ಸುತ್ತಿಕೊಂಡು ಹೊರಟ. ಮದುವೆಯ ಹೊಸದರಲ್ಲಿ ಅವನ ಬಸ್ಸಿನಲ್ಲಿ ತಾನು ವಾಂತಿ ಮಾಡಿಕೊಂಡು ಇಳಿದಿದ್ದ ಊರು ಶಾಂತಿಗೆ ನೆನಪಿತ್ತು. ಊರು ಹತ್ತಿರ ಬಂದಾಗ ಒಂದು ಬಂಕಿನಲ್ಲಿ ನಿಲ್ಲಿಸಿ, ಕಿಟಕಿ ಇಳಿಸಿ, ಬಾಯಿಯಲ್ಲಿ ಕೂತುಹೋಗಿದ್ದ ಮಾತನ್ನೇ ಆಡಿದ: "ಡೀಸೆಲ್ ಹಾಕಪ್ಪ, ಫುಲ್ ಮಾಡು."

ಬಂಕಿನವನು ಪೈಪು ಎತ್ತಿಕೊಂಡು ಹಿಂದೆ ಹೋದ.

"ಪೆಟ್ರೋಲ್! ಪೆಟ್ರೋಲ್ ಕಣಪ್ಪೋ, ನಿಲ್ಸು!" ಎಂದು ಶಾಂತಿ ಕೂಗಿದ ರಭಸಕ್ಕೆ ಆಚೆ ಕಡೆ ಗಾಳಿ ತುಂಬಿಸುತ್ತಿದ್ದ ಲಾರಿಯವರೂ ತಿರುಗಿ ನೋಡಿದರು. ಬಂಕಿನವನು ಪೈಪನ್ನು ತಟ್ಟನೆ ಹಿಂದಕ್ಕೆ ಎಳೆದ. ಒಂದು ಹನಿಯೂ ಬಿದ್ದಿರಲಿಲ್ಲ. ಅಶೋಕ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಮೈ ಕುಲುಕುವಂತೆ ನಕ್ಕ.

ಹೇಮಾವತಿಯ ಸೇತುವೆ ದಾಟಿದ ಮೇಲೆ ರಸ್ತೆಬದಿಯಲ್ಲಿ ಹೊಂಗೆಯ ನೆರಳು ನೋಡಿ ಗಾಡಿ ನಿಲ್ಲಿಸಿದರು. ಡಿಕ್ಕಿ ತೆರೆದು, ಅದರ ಅಂಚಿಗೆ ಒರಗಿಕೊಂಡು ಕಟ್ಟಿ ತಂದಿದ್ದ ಚಿತ್ರಾನ್ನ ತಿಂದರು. ಕೈ ತೊಳೆದುಕೊಂಡು ಬಂದ ಶಾಂತಿ ಸುಮ್ಮನೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತಳು. ಸೀಟು ಹಿಂದಿತ್ತು, ಕಾಲು ಎಟುಕಲಿಲ್ಲ.

"ನಂಗೂ ಕಲಿಸ್ತೀರಾ?" ಎಂದಳು.

ಅಶೋಕ ಅವಳನ್ನು ನೋಡಿದ. ಇಷ್ಟು ವರ್ಷದಲ್ಲಿ ಅವಳು ಇಂಥದ್ದು ಕೇಳಿದ್ದಿಲ್ಲ. ಬಗ್ಗಿ ಸೀಟನ್ನು ಮುಂದಕ್ಕೆ ಎಳೆದುಕೊಟ್ಟ. "ಎಡಗಡೇದು ಕ್ಲಚ್ಚು. ಮಧ್ಯದ್ದು ಬ್ರೇಕು. ಒತ್ತಿ ನೋಡು. ಮೆತ್ತಗೆ, ಮೆತ್ತಗೆ."

ಅವಳು ಒತ್ತಿದಳು. "ಕೀ ಕೊಡಿ."

"ಕೀ ಇಲ್ಲ. ಎಲ್ಎಲ್ ಲೈಸೆನ್ಸ್ ಮಾಡಿಸ್ದೆ ಕೀ ಮುಟ್ಟಂಗಿಲ್ಲ" ಎಂದ ಅಶೋಕ, ಡಿಪೋದಲ್ಲಿ ಹೊಸಬರಿಗೆ ಹೇಳುತ್ತಿದ್ದ ಗತ್ತಿನಲ್ಲಿ. "ಸೋಮವಾರ ಆರ್‌ಟಿಓ ಆಫೀಸಿಗೆ ಹೋಗಾಣ. ಈಗ ಗೇರು ನೋಡ್ಕೋ. ಒಂದು, ಎರಡು..."

ಅವನು ಅವಳ ಕೈಯ ಮೇಲೆ ಕೈಯಿಟ್ಟು ಗೇರು ಹಾಕಿ ತೋರಿಸಿದ.